ಸೈದ್ಧಾಂತಿಕ ಇಕಾಲಜಿಯಲ್ಲಿ ಪೋಸ್ಟ್‌ಡಾಕ್: ಗಣಿತದಿಂದ ಬಂದವರಿಗೆ ಬಾಗಿಲು ಎಲ್ಲಿದೆ?

ಸಾಗರದ ಗಣಿತ

ಎಲ್ಲರಿಗೂ ನಮಸ್ಕಾರ. ಅನ್ವಯಿಕ ಗಣಿತದಲ್ಲಿ ಪಿಎಚ್.ಡಿ. ಮುಗಿಸಿ ನನಗೆ ನಾಲ್ಕು ತಿಂಗಳಾಯಿತು. ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದೆ. ಬೇಟೆ ಮತ್ತು ಬೇಟೆಗಾರ ಪ್ರಾಣಿಗಳ ಮಾದರಿಯಲ್ಲಿ ಕಾಲವಿಳಂಬವನ್ನು (ಇಂದಿನ ಏರಿಳಿತ ಕೆಲ ಕಾಲ ಹಿಂದಿನ ಸಂಖ್ಯೆಯನ್ನು ಅವಲಂಬಿಸುವುದನ್ನು) ಸೇರಿಸಿದಾಗ ಸಮತೋಲನವು ಯಾವ ಹಂತದಲ್ಲಿ ಮುರಿದು ಏರಿಳಿತ ಆರಂಭವಾಗುತ್ತದೆ ಎಂಬುದು ನನ್ನ ಪ್ರಬಂಧದ ವಿಷಯ. ಐದು ಪೇಪರ್‌ಗಳು ಪ್ರಕಟವಾಗಿವೆ, ಐದೂ ಗಣಿತದ ಜರ್ನಲ್‌ಗಳಲ್ಲಿ. ಈಗ ಸೈದ್ಧಾಂತಿಕ ಇಕಾಲಜಿ ಅಥವಾ ಜೀವಿಸಂಖ್ಯಾ ವಿಜ್ಞಾನದಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ಬಳಿಕದ ಸಂಶೋಧನಾ ಕೆಲಸ, ಮಾಡಬೇಕೆಂದಿದ್ದೇನೆ.

ಕಳೆದ ಎರಡು ತಿಂಗಳಲ್ಲಿ ದೇಶ ವಿದೇಶಗಳ ಸುಮಾರು 40 ಪ್ರಾಧ್ಯಾಪಕರಿಗೆ ಇಮೇಲ್ ಬರೆದೆ. ಉತ್ತರ ಕೊಟ್ಟವರು ಮೂವರು. ಇಬ್ಬರು ಸ್ಥಾನ ಖಾಲಿಯಿಲ್ಲ ಎಂದರು. ಮೂರನೆಯವರು ಒಂದೇ ಸಾಲು ಬರೆದಿದ್ದರು: ನಿಮ್ಮ ಮಾದರಿಯಲ್ಲಿರುವ ಪ್ರಾಣಿ ಯಾವುದು? ನಾನು ನಿಜವಾದ ಉತ್ತರವನ್ನೇ ಕೊಟ್ಟೆ, ಅದು ಯಾವ ಪ್ರಾಣಿಯೂ ಅಲ್ಲ, ಎರಡು ಚರಾಕ್ಷರಗಳು ಎಂದೆ. ಆ ಮೇಲೆ ಅಲ್ಲಿಂದ ಮಾತಿಲ್ಲ. ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ತಿಳಿಸಿ: ನನ್ನಂಥವರಿಗೆ ಎಲ್ಲಿ ಅವಕಾಶಗಳಿವೆ, ಯಾವ ಫೆಲೋಶಿಪ್‌ಗಳಿಗೆ ಅರ್ಜಿ ಹಾಕಬಹುದು, ಮತ್ತು ನನ್ನ ಪತ್ರದಲ್ಲಿ ತಪ್ಪಿರುವುದು ಎಲ್ಲಿ?

ಉತ್ತರದ ಸರೋವರ

ನಾನು ಜರ್ಮನಿಯ ಉತ್ತರ ಭಾಗದಲ್ಲಿ ಎರಡನೆಯ ಪೋಸ್ಟ್‌ಡಾಕ್ ಮಾಡುತ್ತಿದ್ದೇನೆ, ಮೂಲತಃ ಹಾಸನದ ಕಡೆಯವಳು. ಮೊದಲು ಸ್ಥಳಗಳ ವಿಚಾರ ಹೇಳುತ್ತೇನೆ, ಏಕೆಂದರೆ ಈ ಕ್ಷೇತ್ರ ಚಿಕ್ಕದು, ಅದರ ಊರುಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದು.

ಪ್ಲೋನ್ ಎಂಬ ಸರೋವರದ ಊರಿನಲ್ಲಿರುವ ವಿಕಾಸ ಜೀವಶಾಸ್ತ್ರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಸಿದ್ಧಾಂತಕ್ಕೆಂದೇ ಒಂದು ವಿಭಾಗವಿದ್ದು, ಅಲ್ಲಿ ಭೌತಶಾಸ್ತ್ರ ಮತ್ತು ಗಣಿತದಿಂದ ಬಂದವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಲೈಪ್‌ಜಿಗ್‌ನಲ್ಲಿ ಜೀವವೈವಿಧ್ಯ ಸಂಶೋಧನೆಯ ಐಡಿವ್ ಕೇಂದ್ರವಿದೆ. ಫ್ರಾನ್ಸಿನ ಪಿರನೀಸ್ ಬೆಟ್ಟಗಳ ಬುಡದಲ್ಲಿರುವ ಮುಲಿಸ್ ಎಂಬ ಹಳ್ಳಿಯ ಸಂಶೋಧನಾ ಕೇಂದ್ರದ ಹೆಸರಿನಲ್ಲಿಯೇ ಸೈದ್ಧಾಂತಿಕ ಮತ್ತು ಪ್ರಾಯೋಗಿಕ ಇಕಾಲಜಿ ಎಂದಿದೆ. ಅಮೆರಿಕದಲ್ಲಿ ಪ್ರಿನ್ಸ್‌ಟನ್ ಮತ್ತು ಶಿಕಾಗೋ ವಿಶ್ವವಿದ್ಯಾಲಯಗಳು, ಜಪಾನಿನಲ್ಲಿ ಫುಕುಓಕಾದ ಕ್ಯೂಶೂ ವಿಶ್ವವಿದ್ಯಾಲಯ ಈ ಪರಂಪರೆಯ ಹಳೆಯ ಮನೆಗಳು.

ಫೆಲೋಶಿಪ್‌ಗಳ ವಿಷಯದಲ್ಲಿ ಅನೇಕರು ನಿಯಮ ಓದದೆ ತಿಂಗಳುಗಳನ್ನು ಕಳೆದುಕೊಳ್ಳುತ್ತಾರೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಜೀವಶಾಸ್ತ್ರಕ್ಕೆ ಕೊಡುವ ಪೋಸ್ಟ್‌ಡಾಕ್ ಫೆಲೋಶಿಪ್ ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಆದ್ದರಿಂದ ಅಮೆರಿಕಕ್ಕೆ ಹೋಗಬೇಕೆಂದರೆ ನಮಗೆ ಉಳಿಯುವ ಮುಖ್ಯ ದಾರಿ ಅಲ್ಲಿನ ಪ್ರಾಧ್ಯಾಪಕರೊಬ್ಬರ ಅನುದಾನದ ಹಣ. ಯುರೋಪಿನ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಪಿಎಚ್.ಡಿ. ಆದ 8 ವರ್ಷದೊಳಗೆ ಅರ್ಜಿ ಹಾಕಬಹುದು, ಆದರೆ ಅರ್ಜಿಯ ಕೊನೆಯ ದಿನಕ್ಕೆ ಹಿಂದಿನ 36 ತಿಂಗಳಲ್ಲಿ ನೀವು ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ನೆಲೆಸಿರಬಾರದು. ನಾನು ಎರಡನೆಯ ಪೋಸ್ಟ್‌ಡಾಕ್‌ಗೆ ಜರ್ಮನಿಯಲ್ಲೇ ಮೇರಿ ಕ್ಯೂರಿ ಹಾಕಲು ಹೊರಟು, ಅರ್ಜಿ ಮುಕ್ಕಾಲು ಬರೆದ ಮೇಲೆ ಈ ನಿಯಮವನ್ನು ಓದಿದೆ. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್‌ಗೆ ವರ್ಷದ ಯಾವ ದಿನ ಬೇಕಾದರೂ ಅರ್ಜಿ ಸಲ್ಲಿಸಬಹುದು, ಅವಧಿ 6ರಿಂದ 24 ತಿಂಗಳು. ದೇಶಕ್ಕಿಷ್ಟು, ವಿಷಯಕ್ಕಿಷ್ಟು ಎಂಬ ಕೋಟಾ ಅದರಲ್ಲಿಲ್ಲ.

ನಿಮಗಾಗಿಯೇ ಬರೆದಂತಿರುವುದು ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂನ ಅಂತರ್‌ಶಿಸ್ತೀಯ ಫೆಲೋಶಿಪ್. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಕಂಪ್ಯೂಟರ್ ವಿಜ್ಞಾನಗಳಲ್ಲಿ ಪಿಎಚ್.ಡಿ. ಮಾಡಿ ಜೀವವಿಜ್ಞಾನಕ್ಕೆ ಬರುವವರಿಗೆಂದೇ ಅದು ಇದೆ, ಮೂರು ವರ್ಷದ್ದು. ಸ್ಪರ್ಧೆ ಬಹಳ ಕಠಿಣ, ಮತ್ತು ಹಳೆಯ ಕೆಲಸವನ್ನೇ ಮುಂದುವರಿಸುತ್ತೇನೆ ಎಂದರೆ ಅಲ್ಲಿ ನಡೆಯುವುದಿಲ್ಲ.

ಇಷ್ಟೆಲ್ಲ ಹೇಳಿದರೂ, ನಿಮ್ಮ 40 ಇಮೇಲ್‌ಗಳು ಬಿದ್ದುಹೋದದ್ದು ಈ ಪಟ್ಟಿ ಗೊತ್ತಿಲ್ಲದ್ದರಿಂದ ಎಂದು ನನಗೆ ಅನ್ನಿಸುವುದಿಲ್ಲ. ಆ ಮೂರನೆಯವರ ಪ್ರಶ್ನೆಯನ್ನು ಇನ್ನೊಮ್ಮೆ ಓದಿ.

ಹಣ್ಣುನೊಣ

ಸಾಗರದವರೇ, ನಾನು ಪ್ರಯೋಗಶಾಲೆಯವನು, ನೊಣ ಎಣಿಸುವುದೇ ನನ್ನ ಜೀವನ. (ಪಾಪ್ಯುಲೇಶನ್ ಎಂಬುದಕ್ಕೆ ಪಠ್ಯಪುಸ್ತಕಗಳಲ್ಲಿ ಜನಸಂಖ್ಯೆ ಎಂದು ಬರೆದುಬಿಡುತ್ತಾರೆ. ನೊಣಗಳನ್ನು ಜನ ಎನ್ನಲು ನನಗೆ ಇನ್ನೂ ಬಾಯಿ ಬಾರದು. ನೀವು ಬಳಸಿದ ಜೀವಿಸಂಖ್ಯೆ ಎಂಬ ಪದ ಹಿತವಾಗಿದೆ.)

ನಿಮ್ಮ ಕಾಲವಿಳಂಬದ ಸಮೀಕರಣಕ್ಕೆ ಪ್ರಾಣಿ ಸಿಕ್ಕಿದ ಒಂದು ಪ್ರಸಂಗ ಹೇಳುತ್ತೇನೆ. ಆಸ್ಟ್ರೇಲಿಯಾದಲ್ಲಿ ಎ. ಜೆ. ನಿಕಲ್ಸನ್ ಎಂಬ ಕೀಟವಿಜ್ಞಾನಿ ಕುರಿಗಳಿಗೆ ಹುಣ್ಣು ಮಾಡುವ ಮಾಂಸದ ನೊಣವನ್ನು ಪಂಜರಗಳಲ್ಲಿ ಸಾಕಿ, ಆಹಾರವನ್ನು ಮಿತಿಗೊಳಿಸಿ, ಸಂಖ್ಯೆಯನ್ನು ಬರೆದಿಟ್ಟು 1954ರಲ್ಲಿ ಪ್ರಕಟಿಸಿದರು. ಆಹಾರ ಪ್ರತಿದಿನ ಅಷ್ಟೇ ಇದ್ದರೂ ನೊಣಗಳ ಸಂಖ್ಯೆ ಸಾವಿರಗಳಿಗೆ ಏರಿ, ಬಹುತೇಕ ಬರಿದಾಗಿ, ಮತ್ತೆ ಏರುತ್ತಿತ್ತು. ಒಂದು ಸುತ್ತಿಗೆ ಸುಮಾರು 38 ದಿನ. ಎರಡೂವರೆ ದಶಕ ಕಳೆದ ಮೇಲೆ, 1980ರಲ್ಲಿ, ಗರ್ನಿ, ಬ್ಲೈಥ್ ಮತ್ತು ನಿಸ್‌ಬೆಟ್ ಎಂಬವರು ನೇಚರ್ ಪತ್ರಿಕೆಯಲ್ಲಿ ಒಂದು ವಿಳಂಬ ಸಮೀಕರಣದಿಂದ ಆ ಸುತ್ತನ್ನು ವಿವರಿಸಿದರು. ಅವರ ಸಮೀಕರಣದಲ್ಲಿ ವಿಳಂಬ ಎಂಬುದು ಗಣಿತಜ್ಞನಿಗೆ ಅನುಕೂಲವಾಗಲೆಂದು ಇಟ್ಟ ಅಕ್ಷರವಾಗಿರಲಿಲ್ಲ. ಮೊಟ್ಟೆಯು ಪ್ರೌಢ ನೊಣವಾಗಲು ಹಿಡಿಯುವ ಸುಮಾರು 15 ದಿನಗಳೇ ಅದು. ಅದನ್ನು ಯಾರು ಬೇಕಾದರೂ ಪಂಜರದ ಮುಂದೆ ಕುಳಿತು ಅಳೆಯಬಹುದಿತ್ತು. ನಿಮ್ಮ ಸಮೀಕರಣ ಇದರ ಹತ್ತಿರದ ಬಂಧುವೇ ಆಗಿರಬೇಕು. ಆದರೆ ನಿಮ್ಮ ವಿಳಂಬ ಎಷ್ಟು ದಿನದ್ದು ಎಂದು ಕೇಳಿದರೆ ಏನು ಹೇಳುತ್ತೀರಿ?

ದೂರ ಹೋಗುವುದೇ ಬೇಡ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಿಂದ ಸುತೀರ್ಥ ಡೇ ಮತ್ತು ಅಮಿತಾಭ್ ಜೋಶಿ 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ಪೇಪರ್ ಓದಿ. ಸೀಸೆಗಳಲ್ಲಿ ಸಾಕಿದ ಹಣ್ಣುನೊಣಗಳ ಗುಂಪುಗಳ ನಡುವೆ ವಲಸೆ ಕಡಿಮೆಯಿದ್ದರೆ ಸೀಸೆಗಳ ಏರಿಳಿತಗಳು ಒಂದಕ್ಕೊಂದು ತಾಳ ತಪ್ಪಿ, ಒಟ್ಟು ಸಂಖ್ಯೆ ಸ್ಥಿರವಾಗುತ್ತದೆ ಎಂದು ಅವರು ತೋರಿಸಿದರು. ಗಣಿತದಲ್ಲಿ ಹೇಳುತ್ತಲೇ ಬಂದಿದ್ದ ಮಾತನ್ನು ಜೀವಂತ ನೊಣಗಳಿಂದ ಹೇಳಿಸಿದ ಕೆಲಸ ಅದು. ಪೋಸ್ಟ್‌ಡಾಕ್ ಕೊಡುವವರು ಹುಡುಕುತ್ತಿರುವುದು ಈ ಎರಡು ಬದಿಗಳ ನಡುವೆ ಓಡಾಡಬಲ್ಲವರನ್ನು.

ಶುದ್ಧ ಸಿದ್ಧಾಂತ

ಇಲ್ಲಿ ಒಂದು ಆಕ್ಷೇಪಣೆಯನ್ನು ದಾಖಲಿಸಬೇಕಾಗಿದೆ. ಪ್ರಾಣಿ ಇಲ್ಲದ ಮಾದರಿಗೆ ಬೆಲೆಯಿಲ್ಲ ಎಂಬ ಧಾಟಿ ಸರಿಯಲ್ಲ. ರಾಬರ್ಟ್ ಮೇ ಸಿಡ್ನಿಯಲ್ಲಿ ಸೈದ್ಧಾಂತಿಕ ಭೌತವಿಜ್ಞಾನಿಯಾಗಿದ್ದವರು. 1972ರಲ್ಲಿ ಅವರು ಯಾವ ಕಾಡನ್ನೂ ಯಾವ ಕೆರೆಯನ್ನೂ ತೆಗೆದುಕೊಳ್ಳದೆ, ಯಾದೃಚ್ಛಿಕ ಸಂಖ್ಯೆಗಳಿಂದ ತುಂಬಿದ ಮ್ಯಾಟ್ರಿಕ್ಸ್ ಒಂದನ್ನಷ್ಟೇ ಇಟ್ಟುಕೊಂಡು, ಪ್ರಭೇದಗಳ ಸಂಖ್ಯೆ, ಅವುಗಳ ನಡುವಿನ ಕೊಂಡಿಗಳು ಮತ್ತು ಕೊಂಡಿಗಳ ಬಲ ಹೆಚ್ಚುತ್ತ ಹೋದರೆ ವ್ಯವಸ್ಥೆ ಅಸ್ಥಿರವಾಗುತ್ತದೆ ಎಂದು ಎರಡು ಪುಟಗಳಷ್ಟರಲ್ಲಿ ಹೇಳಿ ವೈವಿಧ್ಯವಿದ್ದಷ್ಟೂ ಸ್ಥಿರತೆ ಎಂಬ ಒಂದು ಪೀಳಿಗೆಯ ನಂಬಿಕೆಯನ್ನೇ ಅಲುಗಿಸಿದರು. 40 ವರ್ಷಗಳ ಬಳಿಕ, 2012ರಲ್ಲಿ, ಅಲ್ಲೆಸೀನಾ ಮತ್ತು ಟ್ಯಾಂಗ್ ಅದೇ ಮ್ಯಾಟ್ರಿಕ್ಸ್‌ನಲ್ಲಿ ಬೇಟೆಯ ಸಂಬಂಧ, ಸ್ಪರ್ಧೆ, ಸಹಕಾರಗಳನ್ನು ಬೇರೆಬೇರೆಯಾಗಿ ಇಟ್ಟು ನೋಡಿದಾಗ, ಬೇಟೆಯ ಸಂಬಂಧಗಳು ಸ್ಥಿರತೆಗೆ ಒತ್ತಾಸೆಯಾಗುವುದು ಕಂಡುಬಂತು. ಇಲ್ಲಿಯೂ ಪ್ರಾಣಿಯಿಲ್ಲ. ಸಾಗರದವರು ಗಣಿತವನ್ನು ಬಿಟ್ಟು ಉಣುಗು, ನೊಣಗಳ ಹಿಂದೆ ಹೋಗಬೇಕೆಂದು ಏಕೆ ಒತ್ತಾಯಿಸಬೇಕು?

ಹಣ್ಣುನೊಣ

ನಿಮ್ಮ ಉದಾಹರಣೆಗಳನ್ನು ಒಪ್ಪುತ್ತೇನೆ, ತೀರ್ಮಾನವನ್ನಲ್ಲ. ಮೇ ಅವರಲ್ಲಿ ಪ್ರಾಣಿ ಇರಲಿಲ್ಲ, ಪ್ರಶ್ನೆ ಇತ್ತು, ಅದೂ ಇಕಾಲಜಿಯವರ ಪ್ರಶ್ನೆ: ವೈವಿಧ್ಯ ಹೆಚ್ಚಿದ್ದಷ್ಟೂ ಸಮುದಾಯ ಗಟ್ಟಿಯೇ? ಆ ಪ್ರಶ್ನೆಯನ್ನು ಅವರು ಸಮೀಕರಣದೊಳಗಿಂದ ತೆಗೆದದ್ದಲ್ಲ. ನಮ್ಮಲ್ಲಿ ಬರುವ ಎಷ್ಟೋ ಪ್ರಬಂಧಗಳಲ್ಲಿ ಬೇಟೆ ಮತ್ತು ಬೇಟೆಗಾರರ ಮೂಲ ಸಮೀಕರಣವಾದ ಲೋಟ್ಕಾ–ವೋಲ್ಟೆರಾಗೆ ಒಂದು ಪದ ಸೇರಿಸುತ್ತಾರೆ, ಮುಂದಿನ ಪೇಪರ್‌ನಲ್ಲಿ ಎರಡನೆಯ ಪದ, ಅದರ ಮುಂದೆ ಮೂರನೆಯದು. ವೋಲ್ಟೆರಾ ಸ್ವತಃ 1926ರಲ್ಲಿ ಆ ಸಮೀಕರಣ ಬರೆದದ್ದು, ಮೊದಲ ಮಹಾಯುದ್ಧದಲ್ಲಿ ಮೀನುಗಾರಿಕೆ ತಗ್ಗಿದಾಗ ಏಡ್ರಿಯಾಟಿಕ್ ಸಮುದ್ರದಲ್ಲಿ ಬೇಟೆಗಾರ ಮೀನುಗಳ ಪಾಲು ಏಕೆ ಹೆಚ್ಚಿತು ಎಂದು ಅಳಿಯ ಡಾನ್ಕೋನಾ ಕೇಳಿದ್ದಕ್ಕೆ. ಆ ಅಳಿಯ ಕೇಳಿದಂಥ ಪ್ರಶ್ನೆ ನಮ್ಮ ಐದು ಪೇಪರ್‌ಗಳಲ್ಲಿ ಇದೆಯೇ ಎಂಬುದಷ್ಟೇ ನನ್ನ ಮಾತು.

ಶುದ್ಧ ಸಿದ್ಧಾಂತ

ಅಷ್ಟಾದರೆ ನನಗೆ ಜಗಳವಿಲ್ಲ.

ಲೆಕ್ಕದ ಪುಸ್ತಕ

ಭಾರತದೊಳಗಿನ ಅವಕಾಶಗಳನ್ನು ಯಾರೂ ಹೇಳಲಿಲ್ಲ, ಆದ್ದರಿಂದ ನಾನು ಹೇಳುತ್ತೇನೆ.

ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಮೊದಲು ಸರ್ಬ್ (ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಹೆಸರಿನಲ್ಲಿ ಇತ್ತು. 2023ರ ಕಾಯಿದೆಯ ಬಳಿಕ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಅಡಿಗೆ ಬಂದಿದೆ. ಎರಡು ವರ್ಷದ್ದು, ವಯೋಮಿತಿ 35, ಮಹಿಳೆಯರಿಗೂ ಮೀಸಲು ವರ್ಗದವರಿಗೂ 5 ವರ್ಷ ಸಡಿಲಿಕೆಯಿದೆ. ಇದಲ್ಲದೆ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ವಿ. ರಾಮನ್ ಪೋಸ್ಟ್‌ಡಾಕ್, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್‌ನ ಕ್ಯಾಂಪಸ್ ಫೆಲೋಶಿಪ್ ಇವೆ. ಸೈದ್ಧಾಂತಿಕ ಇಕಾಲಜಿಗೆ ಬೆಂಗಳೂರಿನಲ್ಲಿ ಹಳೆಯ ಬೇರಿದೆ. ಮಾಧವ ಗಾಡ್ಗೀಳ್ ಹಾರ್ವರ್ಡ್‌ನಲ್ಲಿ ಗಣಿತೀಯ ಇಕಾಲಜಿಯಲ್ಲಿ ಪಿಎಚ್.ಡಿ. ಮಾಡಿ, 1973ರಲ್ಲಿ ವಿಜ್ಞಾನ ಸಂಸ್ಥೆಗೆ ಬಂದಾಗ ಸೇರಿದ್ದು ಸೈದ್ಧಾಂತಿಕ ಅಧ್ಯಯನಗಳ ಕೇಂದ್ರವನ್ನು. ಇಕಾಲಜಿಯ ಕೇಂದ್ರ ಹುಟ್ಟಿದ್ದು ಆಮೇಲೆ. ಈಗಲೂ ಅಲ್ಲಿ ಮಾದರಿ ಬರೆಯುವವರೂ ಆನೆ ಎಣಿಸುವವರೂ ಒಂದೇ ಕಾರಿಡಾರಿನಲ್ಲಿ ಸಿಗುತ್ತಾರೆ. ಹೆಸರಘಟ್ಟದ ಕಡೆಯ ಸೈದ್ಧಾಂತಿಕ ವಿಜ್ಞಾನಗಳ ಅಂತರರಾಷ್ಟ್ರೀಯ ಕೇಂದ್ರ ಐಸಿಟಿಎಸ್‌ನಲ್ಲಿ ಜೀವಿಸಂಖ್ಯಾ ತಳಿವಿಜ್ಞಾನ ಮತ್ತು ವಿಕಾಸದ ಬಗ್ಗೆ ನಡೆಯುವ ಶಾಲೆಗಳಿಗೆ ಅರ್ಜಿ ಹಾಕಿ. ಪೋಸ್ಟ್‌ಡಾಕ್ ಹುಡುಕುವವರು ಮತ್ತು ಕೊಡುವವರು ಎರಡು ವಾರ ಒಂದೇ ಮೆಸ್ಸಿನಲ್ಲಿ ಊಟ ಮಾಡುವ ಜಾಗ ಅದು. 40 ಇಮೇಲ್‌ಗಳಿಗಿಂತ ಅಂಥ ಒಂದು ಊಟ ಮೇಲು ಎಂಬುದು ನನ್ನ ಅನುಭವ.

ಇನ್ನೊಂದು ಕಹಿ ಮಾತು. ನನ್ನ ಫೆಲೋಶಿಪ್‌ನ ಮೊದಲ ಹಣ ನನ್ನ ಖಾತೆಗೆ ಬಂದದ್ದು ಸೇರಿದ ಏಳು ತಿಂಗಳ ಮೇಲೆ. ಅನುದಾನ ಬಂದಿತ್ತು, ಬಳಕೆ ಪ್ರಮಾಣಪತ್ರ (ಹಣ ಖರ್ಚಾದದ್ದಕ್ಕೆ ಸಂಸ್ಥೆ ಕಳಿಸುವ ಲೆಕ್ಕ) ಹೋಗಿರಲಿಲ್ಲ, ಹೋದದ್ದು ವಾಪಸ್ ಬಂದಿತ್ತು, ಹೀಗೆ ಏನೇನೋ. ಆ ಏಳು ತಿಂಗಳು ಬಾಡಿಗೆ ಕಟ್ಟಿದ್ದು ಅಕ್ಕ. ಆದ್ದರಿಂದ ಭಾರತದಲ್ಲಿ ಸೇರುವವರು ಆರು ತಿಂಗಳ ಖರ್ಚನ್ನು ಕೈಯಲ್ಲಿಟ್ಟುಕೊಂಡು ಸೇರಿ, ಮತ್ತು ಹಣ ತಡವಾದರೆ ಮಧ್ಯಂತರ ಸಂಬಳದ ವ್ಯವಸ್ಥೆ ಇದೆಯೇ ಎಂದು ಸೇರುವ ಮುನ್ನವೇ ಗೈಡ್ ಹತ್ತಿರ ನಾಚಿಕೆ ಬಿಟ್ಟು ಕೇಳಿ.

ಸಾಗರದ ಗಣಿತ

ಎಲ್ಲರಿಗೂ ಧನ್ಯವಾದಗಳು. ನಿಕಲ್ಸನ್ ಅವರ ನೊಣದ ಮೇಲೆ ಗರ್ನಿ ಮತ್ತು ಜೊತೆಗಾರರು ಬರೆದ ಪೇಪರನ್ನು ನಿನ್ನೆ ರಾತ್ರಿ ಓದಿದೆ. ನನ್ನ ಪ್ರಬಂಧದ ಎರಡನೆಯ ಅಧ್ಯಾಯದ ಸಮೀಕರಣಕ್ಕೂ ಅವರದಕ್ಕೂ ಒಂದೇ ಪದದ ವ್ಯತ್ಯಾಸ, ಆದರೆ ನಾಲ್ಕು ವರ್ಷ ಅದನ್ನು ಬಿಡಿಸುತ್ತಿದ್ದವನಿಗೆ ಆ ಅಕ್ಷರ ಮೊಟ್ಟೆಯಿಂದ ನೊಣಕ್ಕೆ ಹಿಡಿಯುವ ದಿನಗಳಾಗಿರಬಹುದೆಂದು ಹೊಳೆದಿರಲಿಲ್ಲ. ಸ್ವಲ್ಪ ಬೇಸರವೂ ಆಯಿತು.

ಒಂದು ವಿಚಾರ ಬಂದಿದೆ. ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆಯಿಂದ ಮಂಗನ ಕಾಯಿಲೆ ಹಬ್ಬಿದ್ದು ನಿಮಗೆ ನೆನಪಿರಬಹುದು. ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು, ಅದಕ್ಕೆ ಮರಿ, ನಡುವಿನ ಹಂತ, ಪ್ರೌಢ ಎಂದು ಹಂತಗಳಿವೆ. ಹಂತದಿಂದ ಹಂತಕ್ಕೆ ಹೋಗಲು ಸಮಯ ಬೇಕು. ನನ್ನ ವಿಳಂಬಕ್ಕೆ ಇದು ಹೊಂದುತ್ತದೆಯೇ? ಶುದ್ಧ ಸಿದ್ಧಾಂತದವರು ಉಣುಗು ಎಂದು ತಮಾಷೆಗೆ ಹೇಳಿದ್ದು ನನಗೆ ಗಂಭೀರವಾಗಿ ತಗುಲಿಬಿಟ್ಟಿದೆ.

ಹೆಜ್ಜೆಗುರುತು

ಹೊಂದುತ್ತದೆ, ಆದರೆ ನೀವು ಅಂದುಕೊಂಡಂತೆ ಅಲ್ಲ. ನಾನು ಕಾಡಿನಲ್ಲಿ ಕೆಲಸ ಮಾಡುವವಳು, ಉಣುಗು ಕಚ್ಚಿಸಿಕೊಂಡ ಅರ್ಹತೆಯಿಂದಲೇ ಹೇಳುತ್ತಿದ್ದೇನೆ.

ನಿಮ್ಮ ಸಮೀಕರಣದ ವಿಳಂಬ ವರ್ಷವಿಡೀ ಒಂದೇ. ಉಣುಗಿನದು ಹಾಗಲ್ಲ. ಪ್ರೌಢ ಉಣುಗು ಮಳೆಗಾಲದಲ್ಲಿ ದನಕರುಗಳಂಥ ದೊಡ್ಡ ಪ್ರಾಣಿಗಳನ್ನು ಹತ್ತುತ್ತದೆ, ಮಳೆ ಹಿಂದೆ ಸರಿದ ಮೇಲೆ ಮರಿಗಳು ಕಾಣುತ್ತವೆ, ನಡುವಿನ ಹಂತದವು ಒಣ ಹವೆಯಲ್ಲಿ, ಬೇಸಿಗೆಯ ತನಕ. ಮನುಷ್ಯರಿಗೆ ಕಾಯಿಲೆ ಬರುವ ಕಾಲವೂ ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ ಆಗಿರುವುದು ಇದರಿಂದಲೇ. ಅಂದರೆ ಇಲ್ಲಿ ಗಡಿಯಾರ ಇರುವುದು ಮಳೆಯ ಕೈಯಲ್ಲಿ. ಮಳೆ ಒಂದು ತಿಂಗಳು ಮುಂದೆ ಹೋದರೆ ಹಂತಗಳ ಅಂತರ ಬದಲಾಗುತ್ತದೆಯೇ, ಮರಿಗಳೂ ನಡುವಿನ ಹಂತದವೂ ಒಂದೇ ಸಣ್ಣ ಪ್ರಾಣಿಯ ಮೇಲೆ ಒಟ್ಟಿಗೆ ಕುಳಿತುಕೊಳ್ಳುವ ದಿನಗಳು ಹೆಚ್ಚುತ್ತವೆಯೇ, ಹೆಚ್ಚಿದರೆ ವೈರಸ್ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ದಾಟುವುದು ಸುಲಭವಾಗುತ್ತದೆಯೇ? ಇದನ್ನು ವಿಳಂಬದ ಗಣಿತ ಗೊತ್ತಿರುವವರೇ ಚೆನ್ನಾಗಿ ಕೇಳಬಲ್ಲರು. ಬದಲಾಗುವ ವಿಳಂಬದ ಸಮೀಕರಣ ಬಿಡಿಸುವುದು ನನ್ನಿಂದಾಗದು, ನಿಮ್ಮಿಂದಾದೀತು.

ಬ್ರಿಟನ್ನಿನ ಇಕಾಲಜಿ ಮತ್ತು ಜಲವಿಜ್ಞಾನ ಕೇಂದ್ರ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಜೊತೆ ಸೇರಿ ಮಂಗನ ಕಾಯಿಲೆಯ ಅಪಾಯವನ್ನು ಕುರಿತು ಶಿವಮೊಗ್ಗ ಕಡೆ ಕೆಲಸ ಮಾಡಿದೆ. ಅವರ ಪೇಪರ್‌ಗಳಲ್ಲಿರುವ ಮಾದರಿಗಳನ್ನು ಮೊದಲು ಓದಿ, ಅವು ಎಲ್ಲಿ ನಿಲ್ಲುತ್ತವೆ ಎಂದು ನೋಡಿ. ಅಲ್ಲಿಂದ ನಿಮ್ಮ ಪತ್ರ ಆರಂಭವಾಗಲಿ.

ಕಲಿಯಬೇಕಾದದ್ದೂ ಇದೆ. ಸ್ಥಿರತೆಯ ವಿಶ್ಲೇಷಣೆ ನಿಮಗೆ ಕರತಲಾಮಲಕ, ಆದರೆ ದತ್ತಾಂಶಕ್ಕೆ ಮಾದರಿಯನ್ನು ಹೊಂದಿಸುವ ಸಂಖ್ಯಾಶಾಸ್ತ್ರ ಕಲಿತಿದ್ದೀರಾ? ನಾಗರಹೊಳೆಯಲ್ಲಿ ಉಲ್ಲಾಸ ಕಾರಂತ ಮತ್ತು ಅಮೆರಿಕದ ಸಂಖ್ಯಾಶಾಸ್ತ್ರ ಬಲ್ಲ ಜೇಮ್ಸ್ ನಿಕಲ್ಸ್ ಅವರು ಕ್ಯಾಮೆರಾದಲ್ಲಿ ಸಿಕ್ಕ ಹುಲಿಗಳ ಪಟ್ಟೆಗಳಿಂದ ಹುಲಿಗಳನ್ನು ಎಣಿಸುವ ವಿಧಾನ ಕಟ್ಟಿದಾಗ, ಅದರ ತಿರುಳು ಇದ್ದದ್ದು ಕಾಣಿಸದ ಹುಲಿಗಳು ಎಷ್ಟು ಎಂಬ ಲೆಕ್ಕದಲ್ಲಿ. ಉಣುಗಿನಲ್ಲೂ ಅದೇ: ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಹಿಡಿದವುಗಳಿಗಿಂತ ಹಿಡಿಯದೆ ಉಳಿದವೇ ಹೆಚ್ಚು. ಆರ್ ಅಥವಾ ಪೈಥಾನ್‌ನಲ್ಲಿ ಬೇಯೀಸಿಯನ್ ವಿಧಾನದಿಂದ (ಮೊದಲ ಅಂದಾಜನ್ನು ದತ್ತಾಂಶದಿಂದ ತಿದ್ದುವ ವಿಧಾನ) ಒಂದು ಸಣ್ಣ ಮಾದರಿಯನ್ನಾದರೂ ನಿಜವಾದ ದತ್ತಾಂಶಕ್ಕೆ ಹೊಂದಿಸಿ, ಕೋಡ್ ಎಲ್ಲರಿಗೂ ಕಾಣುವಂತೆ ಗಿಟ್‌ಹಬ್‌ನಲ್ಲಿಡಿ. ನಿಕಲ್ಸನ್ ಅವರ ನೊಣದ ಎಣಿಕೆಗಳೇ ಅಂಕಿಗಳಾಗಿ ಸಿಗುತ್ತವೆ, ಅವುಗಳಿಂದಲೇ ಆರಂಭಿಸಬಹುದು.

ಹಳೆಯ ಮೇಷ್ಟ್ರು

ನಿವೃತ್ತಿಗೆ ಮೊದಲು ಇಪ್ಪತ್ತು ವರ್ಷ ಇಂಥ ಪತ್ರಗಳನ್ನು ಓದಿದ್ದೇನೆ, ಆದ್ದರಿಂದ ಪತ್ರದ ವಿಚಾರ ಮಾತ್ರ ಹೇಳುತ್ತೇನೆ.

ಬರುವ ಪತ್ರಗಳಲ್ಲಿ ಹೆಚ್ಚಿನವು, ತಮ್ಮ ಘನವಾದ ಸಂಶೋಧನೆಯಿಂದ ಪ್ರಭಾವಿತನಾಗಿದ್ದೇನೆ, ಎಂದು ಆರಂಭವಾಗುತ್ತವೆ. ಯಾವ ಸಂಶೋಧನೆ ಎಂದು ಕೊನೆಯ ತನಕ ಬರುವುದಿಲ್ಲ. ನಾನು ಅಂಥವನ್ನು ಓದಿ ಮುಗಿಸುತ್ತಿರಲಿಲ್ಲ, ಅದು ನನ್ನ ದುರಹಂಕಾರವಲ್ಲ, ಸಮಯದ ಅಭಾವ. ನಾನು ಓದುತ್ತಿದ್ದದ್ದು, ನಿಮ್ಮ ಇಂಥ ಪೇಪರ್‌ನ ಮೂರನೆಯ ಚಿತ್ರದಲ್ಲಿ ವಿಳಂಬವನ್ನು ಸ್ಥಿರವೆಂದು ಹಿಡಿದಿದ್ದೀರಿ, ಅದು ಋತುವಿನೊಂದಿಗೆ ಬದಲಾದರೆ ಹೀಗಾಗಬಹುದು ಎಂದು ನನ್ನ ಲೆಕ್ಕ ಹೇಳುತ್ತದೆ, ಎಂಬಂಥ ಪತ್ರಗಳನ್ನು. ಅದರಲ್ಲಿ ತಪ್ಪಿದ್ದರೂ ಉತ್ತರ ಬರೆಯುತ್ತಿದ್ದೆ. ಒಬ್ಬ ಹುಡುಗನಿಗೆ ಅವನ ಲೆಕ್ಕ ಏಕೆ ತಪ್ಪು ಎಂದು ಮೂರು ಪುಟ ಬರೆದು, ಕೊನೆಗೆ ಅವನನ್ನೇ ಕೆಲಸಕ್ಕೆ ಕರೆದೆ.

ಒಂದೂವರೆ ಪುಟಕ್ಕಿಂತ ಹೆಚ್ಚು ಬೇಡ. ಐದು ಪೇಪರ್‌ಗಳ ಪಟ್ಟಿ ಸಿವಿಯಲ್ಲಿರಲಿ. ಶಿಫಾರಸು ಪತ್ರ ಬರೆಯುವ ಮೂವರಲ್ಲಿ ಒಬ್ಬರಾದರೂ ನಿಮ್ಮ ವಿಭಾಗದ ಹೊರಗಿನವರಾಗಿರಲಿ. ಹಾಗೆ ಯಾರೂ ಇಲ್ಲದಿದ್ದರೆ ಹೆಜ್ಜೆಗುರುತು ಅವರಂಥ ಕಾಡಿನವರ ಜೊತೆ ಆರು ತಿಂಗಳು ಕೆಲಸ ಮಾಡಿ ಗಳಿಸಿಕೊಳ್ಳಿ. ಒಮ್ಮೆಗೆ 40 ಮಂದಿಗೆ ಬೇಡ, ನಾಲ್ಕು ಮಂದಿಗೆ ಬರೆಯಿರಿ. ಮೇರಿ ಕ್ಯೂರಿಯ ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಬರುತ್ತದೆ. ಹೋಸ್ಟ್, ಅಂದರೆ ನಿಮ್ಮನ್ನು ತಮ್ಮ ಗುಂಪಿಗೆ ಕರೆಸಿಕೊಳ್ಳುವವರು, ಒಪ್ಪಿ, ಇಬ್ಬರೂ ಕೂತು ಅರ್ಜಿ ಬರೆಯಲು ಮೂರು ತಿಂಗಳು ಬೇಕು. ಆದ್ದರಿಂದ ಆ ನಾಲ್ವರಿಗೆ ಪತ್ರ ಮಾರ್ಚಿಗೆ ಹೋಗಿರಬೇಕು.

ಉತ್ತರದ ಸರೋವರ

ಮೇಷ್ಟ್ರ ಮಾತಿಗೆ ಒಂದೇ ಸೇರ್ಪಡೆ. ಹೋಸ್ಟ್ ಆಗುವವರ ಗುಂಪಿನಲ್ಲಿ ಈ ಹಿಂದೆ ಪೋಸ್ಟ್‌ಡಾಕ್ ಮಾಡಿ ಹೊರಟವರು ಈಗ ಎಲ್ಲಿದ್ದಾರೆ ಎಂದು ನೋಡಿ, ಇಬ್ಬರಿಗಾದರೂ ಬರೆದು ಕೇಳಿ. ನಾನು ಮೊದಲ ಬಾರಿ ಕೇಳಿರಲಿಲ್ಲ.

ಸಾಗರದ ಗಣಿತ

ಮೇಷ್ಟ್ರೇ, ಹೊಸ ಪತ್ರದ ಮೊದಲ ಎರಡು ವಾಕ್ಯ ಹಾಕುತ್ತಿದ್ದೇನೆ, ತಿದ್ದಿಕೊಡಿ:

"ಉಣುಗಿನ ಹಂತಗಳ ನಡುವಿನ ಅಂತರವನ್ನು ಸ್ಥಿರವೆಂದು ಹಿಡಿದರೆ ನನ್ನ ಮಾದರಿಯಲ್ಲಿ ಸಂಖ್ಯೆ ಪ್ರತಿವರ್ಷ ಒಂದೇ ರೀತಿ ಏರಿ ಇಳಿಯುತ್ತದೆ. ಅಂತರವನ್ನು ಮಳೆ ನಿಂತ ದಿನಕ್ಕೆ ಕಟ್ಟಿದಾಗ, ಮಳೆ ತಡವಾಗಿ ನಿಂತ ವರ್ಷಗಳ ಮರುವರ್ಷ ನಡುವಿನ ಹಂತದ ಉಣುಗುಗಳ ಸಂಖ್ಯೆ ಇದ್ದಕ್ಕಿದ್ದಂತೆ ಹೆಚ್ಚುವುದು ಕಂಡುಬಂದಿದ್ದು, ಇದು ಕಾಡಿನಲ್ಲಿಯೂ ನಡೆಯುತ್ತದೆಯೇ ಎಂಬುದನ್ನು ತಮ್ಮ ದತ್ತಾಂಶದಿಂದ ಪರೀಕ್ಷಿಸಬಹುದೆಂದು ನನಗೆ ತೋರುತ್ತದೆ."

ಹಳೆಯ ಮೇಷ್ಟ್ರು

ಎರಡನೆಯ ವಾಕ್ಯವನ್ನು ಮೊದಲು ಹಾಕಿ. "ಇದ್ದಕ್ಕಿದ್ದಂತೆ" ಎಂಬುದನ್ನು ತೆಗೆದು ಎಷ್ಟು ಪಟ್ಟು ಎಂದು ಬರೆಯಿರಿ.

ಹೆಜ್ಜೆಗುರುತು

ಮತ್ತು ಮಳೆ ನಿಂತ ದಿನ ಎಂದು ಯಾವುದನ್ನು ಹಿಡಿದಿರಿ? ಸಾಗರದಲ್ಲಿ ನಿಂತ ದಿನ ಅರಳಗೋಡಿನಲ್ಲಿ ಇನ್ನೂ ಹೊಯ್ಯುತ್ತಿರುತ್ತದೆ.